ಐದು ಬೇಸಿಗೆ ದುಡಿದ ಎಟಿಮೆಗಾ328ಪಿ

ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿ) ನೀರು ಕೆರೆಗೆ ಬೀಳುತ್ತದೆ, ಅಲ್ಲಿಂದ ಪಂಪ್. ಆ ಪಂಪಿಗೆ ನಾನೇ ಮಾಡಿದ ಕಂಟ್ರೋಲರ್‌ನಲ್ಲಿ ಇರುವುದು ಎಟಿಮೆಗಾ328ಪಿ ಎಂಬ ಪುಟ್ಟ ಕಂಪ್ಯೂಟರ್ ಚಿಪ್. ಎಲೆಕ್ಟ್ರಾನಿಕ್ಸ್ ಕಲಿಯುವವರು ಬಳಸುವ ಆರ್ಡುಯಿನೊ ಊನೋ ಬೋರ್ಡಿನಲ್ಲಿ ಇರುತ್ತದಲ್ಲ, ಅದೇ ಚಿಪ್. ಐದು ಬೇಸಿಗೆ ಆಯ್ತು. ಪಂಪ್ ಶೆಡ್ಡಿನ ಸೆಕೆ, ಮಳೆಗಾಲದ ತೇವ ಎಲ್ಲ ಕಂಡಿದೆ. ಚಿಪ್ ಇನ್ನೂ ಅದೇ.

ಮೊದಲ ಬೇಸಿಗೆ ಮಾತ್ರ ನೆಮ್ಮದಿ ಇರಲಿಲ್ಲ. ನಮ್ಮ ನೀರಿನ ಮೀಟರ್ 10 ಲೀಟರಿಗೊಂದು ಪಲ್ಸ್ ಕೊಡುತ್ತದೆ. 500 ಪಲ್ಸ್ ಆದ ಕೂಡಲೇ ಪಂಪ್ ನಿಲ್ಲಬೇಕು. ಕೆಲವು ದಿನ ಅರ್ಧದಲ್ಲೇ ನಿಲ್ಲುತ್ತಿತ್ತು. "ಕೆಳಗಿನ ತೋಟಕ್ಕೆ ಇವತ್ತೂ ಅರ್ಧವೇ ನೀರು ಮಾರಾಯ" ಎಂದು ಅಪ್ಪ ಹೇಳುವಾಗ ಬೇಜಾರಾಗುತ್ತಿತ್ತು. ವೈರು, ರಿಲೇ, ಮೀಟರ್, ಎಲ್ಲದರ ಮೇಲೂ ಸಂಶಯ. ಕೊನೆಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಹಾಗೆ ನಿಂತಾಗೆಲ್ಲ ಡಿಸ್‌ಪ್ಲೇಯಲ್ಲಿ 511 ಇರುತ್ತಿತ್ತು.

ಇದು 8 ಬಿಟ್ ಪ್ರೊಸೆಸರ್, ಒಂದು ಸಲಕ್ಕೆ ಒಂದು ಬೈಟ್ (0ರಿಂದ 255ರವರೆಗಿನ ಸಂಖ್ಯೆ) ಮಾತ್ರ ಓದುತ್ತದೆ. 16 ಬಿಟ್ ಎಣಿಕೆಯನ್ನು ಒಂದೇ ಸಲಕ್ಕೆ ಓದುವುದಿಲ್ಲ, ಎರಡು ಬೈಟ್ ಬೇರೆ ಬೇರೆ ಓದುತ್ತದೆ. ಎಣಿಕೆ 255 ಇರುವಾಗ ಕೆಳಗಿನ ಬೈಟ್ ಓದಿತು, 255 ಸಿಕ್ಕಿತು. ಅಷ್ಟರಲ್ಲಿ ಹೊಸ ಪಲ್ಸಿನ ಇಂಟರಪ್ಟ್ (ನಡೆಯುವ ಕೆಲಸ ತಡೆದು ಮೊದಲು ಓಡುವ ಕೋಡ್) ಬಂದು ಎಣಿಕೆ 256 ಆಯ್ತು. ಆಮೇಲೆ ಮೇಲಿನ ಬೈಟ್ ಓದಿದರೆ 1, ಅದರ ಬೆಲೆ 256. ಹಳೆಯ 255ಕ್ಕೆ ಹೊಸ 256 ಸೇರಿ 511! ಅಸೆಂಬ್ಲಿ (ಚಿಪ್‌ಗೆ ಹೋಗುವ ಆಜ್ಞೆಗಳ ಪಟ್ಟಿ) ತೆಗೆದು ನೋಡಿದೆ. ಒಂದೊಂದು ಬೈಟ್ ಓದುವ ಎರಡು ಎಲ್‌ಡಿಎಸ್ ಇನ್‌ಸ್ಟ್ರಕ್ಷನ್ ಒಂದರ ಕೆಳಗೊಂದು ಕೂತಿದ್ದವು. ಪ್ರತಿ ಸಲ ಮೆಮೊರಿಯಿಂದಲೇ ಓದಲಿ ಅಂತ ಕೋಡಿನಲ್ಲಿ ವಾಲಟೈಲ್ ಎಂದು ಬರೆದಿದ್ದೆ, ಆದರೆ ಇದಕ್ಕೆ ಅದು ಸಾಲದು. ಇಂಟರಪ್ಟ್ ನಿಲ್ಲಿಸಿ, ಎಣಿಕೆಯನ್ನು ಇನ್ನೊಂದು ಕಡೆ ಬರೆದುಕೊಂಡು, ಮತ್ತೆ ಬಿಡಬೇಕು. ಮೂರೇ ಸಾಲು. ಅಲ್ಲಿಂದ ಮೇಲೆ ಲೆಕ್ಕ ಒಮ್ಮೆಯೂ ತಪ್ಪಿಲ್ಲ.

ಇನ್ನೊಂದು ವೋಲ್ಟೇಜ್ ವಿಷಯ. ಮಾರ್ಚ್‌ನಲ್ಲಿ ಸುತ್ತಲಿನ ಪಂಪೆಲ್ಲ ಒಟ್ಟಿಗೆ ಓಡುವಾಗ ಕರೆಂಟು ತುಂಬ ಇಳಿಯುತ್ತದೆ. ಈಪ್ರಾಮ್‌ನಲ್ಲಿ (ಕರೆಂಟು ಹೋದರೂ ಅಳಿಯದ ಮೆಮೊರಿ) ಇಟ್ಟ ಪಂಪ್ ಗಂಟೆಗಳ ಲೆಕ್ಕ ಎರಡು ಸಲ ಕೆಟ್ಟಿತು. ಊನೋದ ಫ್ಯೂಸ್ ಸೆಟ್ಟಿಂಗ್‌ನಲ್ಲಿ (ಚಿಪ್‌ನೊಳಗೇ ಬರೆದಿಡುವ ಸೆಟ್ಟಿಂಗ್) ಬ್ರೌನ್‌ಔಟ್, ಅಂದರೆ ವೋಲ್ಟೇಜ್ ಎಷ್ಟಕ್ಕಿಂತ ಇಳಿದರೆ ಚಿಪ್ ರೀಸೆಟ್ ಆಗಬೇಕು ಎಂಬುದು, 2.7 ವೋಲ್ಟಿಗೆ ಇರುತ್ತದೆ. ಡೇಟಾಶೀಟ್ ಪ್ರಕಾರ 2.7 ವೋಲ್ಟಿನಲ್ಲಿ 10 ಮೆಗಾಹರ್ಟ್ಸ್‌ವರೆಗೆ, 4.5ರಲ್ಲಿ 20ರವರೆಗೆ ಓಡಿಸಬಹುದು. ನಡುವೆ ನೇರ ಗೆರೆ. ಅಂದರೆ 16 ಮೆಗಾಹರ್ಟ್ಸ್‌ಗೆ ಸುಮಾರು 3.8 ವೋಲ್ಟ್ ಬೇಕೇ ಬೇಕು. ಅದಕ್ಕಿಂತ ಇಳಿದರೂ ಚಿಪ್ ರೀಸೆಟ್ ಆಗದೆ ಓಡುತ್ತಲೇ ಇರುತ್ತದೆ, ಏನು ಬರೆಯುತ್ತದೋ ಭರವಸೆ ಇಲ್ಲ. ಬ್ರೌನ್‌ಔಟ್ 4.3ಕ್ಕೆ ಏರಿಸಿದೆ, ಸರಿಹೋಯಿತು. ಈಪ್ರಾಮ್‌ನ ಒಂದು ಜಾಗಕ್ಕೆ 1 ಲಕ್ಷ ಸಲ ಬರೆಯಬಹುದು ಎಂದಿದೆ. ಜಾಸ್ತಿ ಅನಿಸುತ್ತದೆ ಅಲ್ವಾ? ನಿಮಿಷಕ್ಕೊಮ್ಮೆ ಬಿಡದೆ ಬರೆದರೆ 70 ದಿನಕ್ಕೆ ಮುಗಿಯಿತು. ನಾನು ಜಾಗ ಬದಲಿಸುತ್ತಾ ಬರೆಯುತ್ತೇನೆ.

ಕೊರತೆ ಅಂದರೆ ರ‍್ಯಾಮ್ 2 ಕೆಬಿ ಮಾತ್ರ. ಒಂದೊಂದೇ ಸಾಲು ಓಡಿಸಿ ನೋಡಲು ಬೇರೆ ಡಿಬಗರ್ ಕೊಳ್ಳಬೇಕು.

ಹೊಸದಾಗಿ ಮಾಡುವವರು 28 ಕಾಲಿನ ಚಿಪ್ ತಗೊಂಡು ಸಾಕೆಟ್‌ನಲ್ಲೇ ಕೂರಿಸಿ. ಎರಡನೇ ವರ್ಷ ಮೇ ತಿಂಗಳ ಸಿಡಿಲಿಗೆ ನಮ್ಮ ಪವರ್ ಸಪ್ಲೈ, ರಿಲೇ ಬೋರ್ಡು ಎರಡೂ ಸುಟ್ಟವು. ಚಿಪ್ ಎಬ್ಬಿಸಿ ಬೇರೆ ಬೋರ್ಡಿಗೆ ಹಾಕಿದೆ. ಮರುದಿನ ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟೆವು.