ಹಾವಿನ ವಿಷದ ಔಷಧಿ: ದ್ರವವೋ, ಪುಡಿಯೋ?

ಪಾವಗಡದ ಕಡೆ ಕಡಲೆಕಾಯಿ ಕೀಳೋ ಕಾಲಕ್ಕೆ ಹಾವು ಕಚ್ಚಿಸಿಕೊಂಡು ಬರುವವರು ಇದ್ದೇ ಇರ್ತಾರೆ. ನಿಮ್ಮ ಕ್ಲಿನಿಕ್‌ಗೆ ಯಾವುದನ್ನು ತರಿಸೋದು ಅಂತ ಯೋಚನೆಯಾ?

ಒಳಗಿನ ಸರಕು ಎರಡರಲ್ಲೂ ಒಂದೇ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ, ವಿಷವನ್ನು ತಡೆಯುವ ಪ್ರತಿಕಾಯಗಳನ್ನು ಶುದ್ಧ ಮಾಡಿದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಅದೇ.

ದ್ರವವನ್ನು ಕಲಸುವ ಗೋಜಿಲ್ಲ, ನೇರ ಡ್ರಿಪ್‌ಗೆ ಸೇರಿಸಬಹುದು. ಆದರೆ 2ರಿಂದ 8 ಡಿಗ್ರಿಯ ಫ್ರಿಜ್ ಬೇಕೇ ಬೇಕು. ಬಾಳಿಕೆ ಸುಮಾರು 2 ವರ್ಷ. ಬೇಸಿಗೆ ಮಧ್ಯಾಹ್ನ ಕರೆಂಟ್ ಹೋದರೆ? ಪುಡಿಗೆ ಆ ತಲೆನೋವಿಲ್ಲ. ಬಿಸಿಲು ಬೀಳದ ತಂಪು ಕಪಾಟು ಸಾಕು, 4-5 ವರ್ಷ ಇರುತ್ತೆ. ಕಷ್ಟ ಇರೋದು ಕಲಸುವಾಗ: ಪ್ರತಿ ವಯಲ್‌ಗೆ (ಔಷಧಿಯ ಪುಟ್ಟ ಬಾಟಲಿಗೆ) 10 ಎಂ.ಎಲ್. ಸ್ಟೆರೈಲ್ ನೀರು ಹಾಕಿ, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಕೆಮ್ಮಿನ ಸಿರಪ್ ಥರ ಕುಲುಕಿದಿರೋ, ಬರೀ ನೊರೆ. ಮೊದಲ ಡೋಸಿಗೇ 8-10 ವಯಲ್. ಒಬ್ಬರೇ ನರ್ಸ್ ಇದ್ದರೆ ಕೈ ಸಾಲದು.

ನಾನಾದರೆ ಪುಡಿಯನ್ನೇ ಇಡ್ತೀನಿ. ಜನರೇಟರ್ ಇರೋ ತುಮಕೂರಿನ ದೊಡ್ಡ ಆಸ್ಪತ್ರೆಗಾದರೆ ದ್ರವವೇ ಸಲೀಸು. ಅಲರ್ಜಿ ಯಾವುದರಿಂದಲೂ ಆಗಬಹುದು, ಅದನ್ನು ತಡೆಯುವ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಇರಲಿ.