ವಿಜಯಪುರದ ‘ಬೊಜ್ಜು ಪ್ಯಾಕೇಜ್’: ಎಣಿಕೆ ಬಿಡಿ, ಸಿಆರ್‌ಪಿ ಸಾಲು ನೋಡಿ

ಬೊಜ್ಜಿನವರಿಗೆಂದೇ ರಕ್ತ ತಪಾಸಣೆಯ ಪ್ಯಾಕೇಜ್‌ಗಳು ಬಂದಿವೆ. ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ, ಸಂಜೆ ವಾಟ್ಸ್ಯಾಪಿಗೆ ವರದಿ. ಕರಪತ್ರದಲ್ಲಿರುವ ಟೆಸ್ಟ್‌ಗಳ ದೊಡ್ಡ ಎಣಿಕೆಗೆ ಮರುಳಾಗಬೇಡಿ. ರಕ್ತಕಣಗಳನ್ನು ಎಣಿಸುವ ಸಿಬಿಸಿ ಒಂದರಲ್ಲೇ 20ರ ಸುಮಾರು ಅಂಕಿಗಳಿರುತ್ತವೆ. ಮೂತ್ರದ ಬಣ್ಣವೂ ಒಂದು ‘ಟೆಸ್ಟ್’ ಎಂದು ಲೆಕ್ಕಕ್ಕೆ ಸೇರಿರುತ್ತದೆ.

ಮೊದಲು ಹುಡುಕಬೇಕಾದ್ದು ಸಿಆರ್‌ಪಿ ಸಾಲು. ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್ ಇದು. ಹೊಟ್ಟೆಯೊಳಗಿನ ಕೊಬ್ಬು ಐಎಲ್-6ನಂಥ ಉರಿಯೂತದ ಸಂಕೇತಗಳನ್ನು ಬಿಡುತ್ತದೆ. ಅದಕ್ಕೆ ಓಗೊಟ್ಟು ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ. ಜ್ವರವಿಲ್ಲ, ನೋವಿಲ್ಲ, ಬೂದಿ ಮುಚ್ಚಿದ ಕೆಂಡ. ಅದನ್ನು ಅಳೆಯುವುದಕ್ಕೆ ಸಣ್ಣ ಪ್ರಮಾಣವನ್ನೂ ಹಿಡಿಯುವ ‘ಎಚ್‌ಎಸ್-ಸಿಆರ್‌ಪಿ’ಯೇ ಬೇಕು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು. ಅಗ್ಗದ ಪ್ಯಾಕೇಜಿನಲ್ಲಿ ಇದರ ಬದಲು ಸೋಂಕು ಹಿಡಿಯುವ ಸಾಮಾನ್ಯ ಸಿಆರ್‌ಪಿ ಹಾಕಿಬಿಡುವುದುಂಟು. ‘6ಕ್ಕಿಂತ ಕಡಿಮೆ, ನಾರ್ಮಲ್’ ಎಂದು ಬಂದರೆ 0.5 ಇದ್ದವರೂ 4.5 ಇದ್ದವರೂ ಒಂದೇ ಸಾಲಿಗೆ ನಿಂತಂತಾಯಿತು. ಈ ಉದ್ದೇಶಕ್ಕೆ ಅದು ದಂಡ.

ಹಾಗಂತ 10 ದಾಟಿದ್ದನ್ನೆಲ್ಲ ಬೊಜ್ಜಿನ ತಲೆಗೆ ಕಟ್ಟಬೇಡಿ. ಶೀತ, ಒಸಡಿನ ಕೀವು, ವಾಸಿಯಾಗದ ಕಾಲಿನ ಗಾಯ, ಇತ್ತೀಚಿನ ಚಿಕೂನ್‌ಗುನ್ಯಾ ಇವೆಲ್ಲ ಏರಿಸುತ್ತವೆ. 2 ವಾರ ಬಿಟ್ಟು ಮತ್ತೆ ಮಾಡಿಸಿ. ಉರಿಯೂತವಿದ್ದಾಗ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ಉಬ್ಬುತ್ತದೆ, ಹೆಣ್ಣುಮಕ್ಕಳ ಕಬ್ಬಿಣದ ಕೊರತೆ ಅದರಡಿ ಮರೆಯಾಗಬಹುದು. ಕಬ್ಬಿಣದ ಕೊರತೆಯಿದ್ದರೆ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಸುಳ್ಳೇ ಏರುತ್ತದೆ, 5.9% (ಸಕ್ಕರೆ ಕಾಯಿಲೆಯ ಅಂಚು) ಕಂಡರೆ ಹಿಮೋಗ್ಲೋಬಿನ್ ಮೇಲೂ ಒಮ್ಮೆ ಕಣ್ಣಾಡಿಸಿ.

ಮನೆಯಿಂದ ರಕ್ತ ಒಯ್ಯುವ ಸೇವೆಯ ದುರ್ಬಲ ಜಾಗ ಸಾಗಣೆ. ಸೀಸೆಯೊಳಗೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ತಾಸಿಗೆ ಸುಮಾರು 5ರಿಂದ 7%. ನಮ್ಮ ಏಪ್ರಿಲ್–ಮೇ ಬಿಸಿಲಲ್ಲಿ ಇನ್ನೂ ಬೇಗ. ಜಲನಗರದಲ್ಲಿ ತೆಗೆದ ರಕ್ತ ನಾಲ್ಕು ಮನೆ ಸುತ್ತಿ ಎರಡು ತಾಸಿಗೆ ಲ್ಯಾಬ್ ಮುಟ್ಟಿದರೆ 110 ಇದ್ದ ಸಕ್ಕರೆ 98 ಆಗಿ ‘ನಾರ್ಮಲ್’ ಅನ್ನಿಸಿಕೊಳ್ಳುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಸೀಸೆ ಇದನ್ನು ತಡೆಯುತ್ತದೆ, ಆದರೆ ಪೂರ್ತಿ ಹಿಡಿತಕ್ಕೆ ಬರಲು ಅದಕ್ಕೂ ತಾಸಿನ ಮೇಲೆ ಬೇಕು. ಐಸ್ ಪೆಟ್ಟಿಗೆ ಇದೆಯೇ ಎಂದು ಫೋನಿನಲ್ಲೇ ಕೇಳಿ. ಇನ್ಸುಲಿನ್ ಪರೀಕ್ಷೆಯಂತೂ ರಕ್ತಕಣ ಒಡೆದರೆ ಕೆಡುತ್ತದೆ. ಅದು ಬೇಕಿದ್ದವರು ಲ್ಯಾಬಿಗೇ ಹೋಗಿ ಕೊಡುವುದು ಲೇಸು.

ಹಿಂದಿನ ರಾತ್ರಿ 8ಕ್ಕೆ ರೊಟ್ಟಿ ಊಟ ಮುಗಿಸಿ ಬೆಳಿಗ್ಗೆ 7ಕ್ಕೆ ರಕ್ತ ಕೊಡಿ. ನೀರು ಕುಡಿಯಬಹುದು, ಚಹಾ ಬೇಡ. ಮದುವೆ ಊಟ, ಕರದಂಟಿನ ಮರುದಿನ ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) ನೋಡಿ ಗಾಬರಿಯಾಗುವುದಕ್ಕಿಂತ ಎರಡು ದಿನ ತಡೆಯಿರಿ.

ನನಗೆ ಸಿಟ್ಟು ಬರುವುದು ಇಲ್ಲಿ: ಕ್ಯಾನ್ಸರ್ ಮಾರ್ಕರ್‌ಗಳನ್ನು ಸುಮ್ಮನೆ ತುಂಬುತ್ತಾರೆ, ಕೈಯಲ್ಲಿರುವ ಅಂಕಿಗಳಿಂದಲೇ ಬರುವ, ಯಕೃತ್ತು ಗಟ್ಟಿಯಾಗುವ ಅಪಾಯ ಅಂದಾಜಿಸುವ ಫೈಬ್-4 ಅಂಕ ಹಾಕುವುದಿಲ್ಲ. ವಯಸ್ಸನ್ನು ಎಎಸ್‌ಟಿಯಿಂದ (ಯಕೃತ್ತಿನ ಪರೀಕ್ಷೆಯ ಒಂದು ಕಿಣ್ವ) ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರದಲ್ಲಿ) ಅದೇ ಪರೀಕ್ಷೆಯ ಇನ್ನೊಂದು ಕಿಣ್ವ ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 48, ಎಎಸ್‌ಟಿ 44, ಎಎಲ್‌ಟಿ 49, ಪ್ಲೇಟ್‌ಲೆಟ್ 220 ಇದ್ದರೆ 2112 ÷ 1540, ಅಂದರೆ 1.37. 1.3 ದಾಟಿದ್ದರಿಂದ ಕೊಬ್ಬಿನ ಯಕೃತ್ತು ಗಟ್ಟಿಯಾಗುತ್ತಿದೆಯೇ ಎಂದು ವೈದ್ಯರನ್ನು ಕೇಳಲೇಬೇಕು. ವಯಸ್ಸು 65 ದಾಟಿದವರಿಗೆ ಈ ಗಡಿ 2.

ಟೇಪು ಯಾವ ಪ್ಯಾಕೇಜಿನಲ್ಲೂ ಇಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಹೊರಬಿಟ್ಟ ಮೇಲೆ ಹೊಟ್ಟೆಯ ಸುತ್ತಳತೆ ಅಳೆಯಿರಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ದರ್ಜಿಯ ಟೇಪು ಸಾಕು, ಹಿಗ್ಗಿದ ಹಳೆಯದು ಮಾತ್ರ ಬೇಡ.