ಗುಪ್ತ ಕೆಚ್ಚಲು ಬಾವು: ಸಿಎಂಟಿ, ಸೋಪಿನ ನೀರು, ಮೀಟರ್, ಸ್ಟ್ರಿಪ್ ಕಪ್ – ಯಾವುದು ಯಾವಾಗ?

ಹಾಲಿನಲ್ಲಿ ಗರಣೆ ಬಿದ್ದ ಮೇಲೆ ಕೆಚ್ಚಲು ಬಾವು ಯಾರಿಗಾದರೂ ಗೊತ್ತಾಗುತ್ತದೆ. ಕೆಚ್ಚಲು ಊದದೆ, ಹಾಲಿನ ಬಣ್ಣ ಕೆಡದೆ, ಇಳುವರಿ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಮಾತ್ರ ಜಾರುವ ಗುಪ್ತ ಬಾವನ್ನು ಹಿಡಿಯುವುದೇ ಕಷ್ಟ. ಕೊಟ್ಟಿಗೆಯಲ್ಲೇ ಮಾಡಬಹುದಾದ ಈ ನಾಲ್ಕು ಪರೀಕ್ಷೆಗಳನ್ನು ಅದೇ ಹಸುಗಳ ಮೇಲೆ ಒಟ್ಟಿಗೆ ಮಾಡಿ ನೋಡಿದರೆ ಉತ್ತರಗಳು ಆಗಾಗ ತಾಳೆಯಾಗುವುದಿಲ್ಲ. ಕಾರಣವಿದೆ. ಇವು ಯಾವುವೂ ರೋಗಾಣುವನ್ನು ನೋಡುವುದಿಲ್ಲ, ರೋಗಾಣುವಿಗೆ ಕೆಚ್ಚಲು ಕೊಟ್ಟ ಪ್ರತಿಕ್ರಿಯೆಯನ್ನು ನೋಡುತ್ತವೆ. ಅದೂ ಒಂದೊಂದು ಬೇರೆ ಬೇರೆ ಹಂತವನ್ನು.

ಹಾಲು ಸ್ರವಿಸುವ ಕೋಶಗಳೂ ಕೆಚ್ಚಲಿನ ಕಾವಲುಗಾರರೇ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿರುವ ಎಲ್‌ಪಿಎಸ್ ಎಂಬ ವಿಷವಸ್ತುವನ್ನು ಅವು ಟಿಎಲ್‌ಆರ್-4 ಗ್ರಾಹಕದಿಂದ ಗುರುತಿಸಿ ಜೋರಾಗಿ ಕೂಗೆಬ್ಬಿಸುತ್ತವೆ. ಕೆಲವೇ ಗಂಟೆಗಳಲ್ಲಿ ರಕ್ತದಿಂದ ಬಿಳಿಕಣಗಳು ನುಗ್ಗುತ್ತವೆ, ಜ್ವರ ಬರುತ್ತದೆ, ಹಾಲು ನೀರಾಗುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ (ಸ್ಟ್ಯಾಫ್) ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಎಲ್‌ಪಿಎಸ್ ಇಲ್ಲ. ಅದರ ಲಿಪೊಪ್ರೋಟೀನುಗಳನ್ನು (ಕೊಬ್ಬು ಅಂಟಿದ ಪ್ರೋಟೀನು) ಟಿಎಲ್‌ಆರ್-2 ಎಂಬ ಇನ್ನೊಂದು ಗ್ರಾಹಕ ಗುರುತಿಸಿದರೂ ಕೋಶಗಳ ಕೂಗು ಮಂದ. ಗುಪ್ತ ಬಾವು ತಿಂಗಳುಗಟ್ಟಲೆ ಉಳಿಯಲು ಇದೂ ಒಂದು ಕಾರಣ.

ನಮ್ಮ ಮೊದಲ ಆಯ್ಕೆ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್), 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಪರೀಕ್ಷೆ. ಮೊದಲ ಎರಡು-ಮೂರು ಹಿಂಡು ಚೆಲ್ಲಿ, ನಾಲ್ಕು ಮೊಲೆಯ ಹಾಲನ್ನು ಪ್ಯಾಡಲ್‌ನ ನಾಲ್ಕು ಬಟ್ಟಲಿಗೆ ಬೇರೆ ಬೇರೆಯಾಗಿ ಹಿಂಡಿ. ಪ್ಯಾಡಲ್ ಓರೆ ಮಾಡಿ ಹೆಚ್ಚಾದದ್ದನ್ನು ಚೆಲ್ಲಿದರೆ ಸುಮಾರು 2–3 ಮಿ.ಲೀ. ಉಳಿಯುತ್ತದೆ. ಅಷ್ಟೇ ದ್ರಾವಣ ಹಾಕಿ 10 ಸೆಕೆಂಡು ವೃತ್ತಾಕಾರವಾಗಿ ಆಡಿಸಿ, ಆಡಿಸುತ್ತಲೇ ಫಲಿತಾಂಶ ಓದಿ. ದ್ರಾವಣದ ಡಿಟರ್ಜೆಂಟ್ ಬಿಳಿಕಣಗಳನ್ನು ಒಡೆಯುತ್ತದೆ, ಹೊರಬಂದ ಡಿಎನ್‌ಎ ಮೊಟ್ಟೆಯ ಬಿಳಿಯಂತೆ ಲೋಳೆಗಟ್ಟುತ್ತದೆ. ಬರೀ ದಪ್ಪವಾದರೆ ದರ್ಜೆ 1, ಲೋಳೆ ನಡುವಿಗೆ ಸರಿದರೆ 2, ಉಂಡೆಯಾಗಿ ನಡುವೆ ಉಬ್ಬಿ ನಿಂತರೆ 3. ಶುರುವಿನ ತೆಳು ಲೋಳೆ ಆಡಿಸುತ್ತಿದ್ದಂತೆ ಮಾಯವಾಗುತ್ತದೆ, ಆದ್ದರಿಂದ 20 ಸೆಕೆಂಡು ಮೀರಿದರೆ ಅದು ತಪ್ಪಿಹೋಗುತ್ತದೆ. ಬೆಳಿಗ್ಗೆ ಹಿಂಡಿದ ಹಾಲನ್ನು ಹೊರಗಿಟ್ಟು ಸಂಜೆ ನೋಡುವುದೂ ಬೇಡ, ಕಣಗಳು ತಾವಾಗಿಯೇ ಒಡೆದಿರುತ್ತವೆ.

ಕ್ಯಾನಿನ ಹಾಲಿಗೆ ಸಿಎಂಟಿ ಮಾಡುವವರೂ ಇದ್ದಾರೆ, ದುಡ್ಡು ದಂಡ. ಒಂದು ಮೊಲೆಯಲ್ಲಿ ಮಿ.ಲೀ.ಗೆ 10 ಲಕ್ಷ ಬಿಳಿಕಣ, ಉಳಿದ ಮೂರರಲ್ಲಿ ತಲಾ 1 ಲಕ್ಷ ಇದ್ದರೆ, ಸಮ ಹಾಲಿನ ಲೆಕ್ಕದಲ್ಲಿ ಬೆರಕೆಯಲ್ಲಿ ಸಿಗುವುದು 3.25 ಲಕ್ಷ. ಆ ಒಂದು ಮೊಲೆ ಬೆರಕೆಯಲ್ಲಿ ಮುಚ್ಚಿಹೋಗುತ್ತದೆ.

ಸಿಎಂಟಿ ದ್ರಾವಣ ಸಿಗದ ಕಡೆ ಬಟ್ಟೆ ಒಗೆಯುವ ಪುಡಿ: ಲೀಟರ್ ನೀರಿಗೆ 30 ಗ್ರಾಂ, ಹಾಲಿನಷ್ಟೇ ಪ್ರಮಾಣ. ತತ್ವ ಅದೇ, ಖರ್ಚು ಏನೂ ಇಲ್ಲ. 2, 3ನೇ ದರ್ಜೆಯ ಲೋಳೆ ಸಲೀಸಾಗಿ ಕಾಣುತ್ತದೆ. ಹಾಲು ಕ್ಷಾರಕ್ಕೆ ತಿರುಗಿದ್ದನ್ನು ತೋರಿಸುವ ನೇರಳೆ ಬಣ್ಣ ಇದರಲ್ಲಿಲ್ಲ, ಪುಡಿಯಿಂದ ಪುಡಿಗೆ ಫಲಿತಾಂಶವೂ ಬದಲಾಗುತ್ತದೆ. ಒಂದೇ ಪುಡಿಗೆ ಅಂಟಿಕೊಳ್ಳಿ.

ವಿದ್ಯುದ್ವಾಹಕತೆ ಅಳೆಯುವ ಮೀಟರ್ ನೋಡುವುದು ಕಣಗಳನ್ನಲ್ಲ, ಕೋಶಗಳ ನಡುವಿನ ಸೋರಿಕೆಯನ್ನು. ಉರಿಯೂತದಲ್ಲಿ ಕೋಶಗಳ ಬೆಸುಗೆ ಸಡಿಲಾಗಿ ರಕ್ತದ ಸೋಡಿಯಂ, ಕ್ಲೋರೈಡ್ ಹಾಲಿಗೆ ಸೇರುತ್ತವೆ, ಲ್ಯಾಕ್ಟೋಸ್ ರಕ್ತಕ್ಕೆ ಸೋರುತ್ತದೆ. ಆರೋಗ್ಯವಂತ ಹಸುವಿನ ಹಾಲು 25 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಸೆಂ.ಮೀ.ಗೆ 4 ರಿಂದ 5.5 ಮಿಲಿಸೀಮನ್ಸ್ (ವಿದ್ಯುದ್ವಾಹಕತೆಯ ಅಳತೆ). ಉಷ್ಣತೆ ಒಂದು ಡಿಗ್ರಿ ಏರಿದರೆ ಓದು ಸುಮಾರು ಶೇ. 2 ಏರುತ್ತದೆ, ಕೊಬ್ಬು ಹೆಚ್ಚಿದರೆ ಇಳಿಯುತ್ತದೆ. ಹಾಗಾಗಿ ಒಂಟಿ ಅಂಕಿಯನ್ನು ನಂಬಿ ಕೂರಬೇಡಿ, ಅದೇ ಹಸುವಿನ ನಾಲ್ಕು ಮೊಲೆಗಳ ವ್ಯತ್ಯಾಸ ನೋಡಿ. ಕೋಶಗಳ ಕೂಗು ಮಂದವಾದ ಸ್ಟ್ಯಾಫ್ ಬಾವಿನಲ್ಲಿ ಸೋರಿಕೆಯೂ ಕಡಿಮೆ, ಅಲ್ಲಿ ಮೀಟರ್ ಸುಮ್ಮನಿದ್ದು ಸಿಎಂಟಿ ಮಾತಾಡುವುದುಂಟು. ನಾಲ್ಕೈದು ಹಸುವಿನ ಮನೆಗೆ ಈ ಖರ್ಚು ಅನಗತ್ಯ.

ಮೊದಲ ಹಿಂಡನ್ನು ಹಿಂಡಿ ಗರಣೆ ಇದೆಯೇ ಎಂದು ನೋಡುವ ಸ್ಟ್ರಿಪ್ ಕಪ್ ಪ್ರತಿ ಕರಾವಿನಲ್ಲೂ ಇರಲಿ, ಆದರೆ ಅದು ತೋರಿಸುವುದು ಗರಣೆ ಬಂದ ಮೇಲಿನ ಹಂತ.

ಕರು ಹಾಕಿದ ಮೊದಲ ವಾರ ಮತ್ತು ಹಾಲು ಬತ್ತುವ ಕಾಲದಲ್ಲಿ ಆರೋಗ್ಯವಂತ ಕೆಚ್ಚಲಿನಲ್ಲೂ ಸಿಎಂಟಿ ಲೋಳೆಗಟ್ಟಬಹುದು. ರೋಗಾಣು ತೊಲಗಿದ ಮೇಲೂ ಕಣಗಳು ಕೆಲವು ದಿನ ಉಳಿಯುತ್ತವೆ, ಇ. ಕೋಲಿಯನ್ನು ಎಷ್ಟೋ ಸಲ ಹಸುವೇ ಹೊರಹಾಕಿರುತ್ತದೆ. ಆದ್ದರಿಂದ ಲೋಳೆ ಕಂಡ ಕೂಡಲೇ ಆ್ಯಂಟಿಬಯಾಟಿಕ್ ಟ್ಯೂಬ್ ಏರಿಸಬೇಡಿ. ಮೊಲೆತುದಿಯನ್ನು ಶೇ. 70 ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಣಗಲು ಬಿಟ್ಟು, ಮೊದಲ ಹಿಂಡು ಚೆಲ್ಲಿ, ಸ್ಟೆರೈಲ್ ನಳಿಕೆಯನ್ನು ಓರೆಯಾಗಿ ಹಿಡಿದು ಹಾಲು ತೆಗೆದು, ಐಸ್‌ನಲ್ಲಿಟ್ಟು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿ. ಸ್ಟ್ಯಾಫ್ ಬಿಟ್ಟುಬಿಟ್ಟು ಹಾಲಿಗೆ ಬರುವುದರಿಂದ ಮೊದಲ ಸಲ ಏನೂ ಬೆಳೆಯದಿದ್ದರೆ ಇನ್ನೊಂದು ದಿನ ಮತ್ತೆ ಕಳಿಸಿ.